ಮಕ್ಕಳ ಆರೋಗ್ಯವೂ ದಾಸೋಹದ ಬಾಗಿಲೂ



ದಾನವೆಂಬುದು ಬಹು ಪ್ರಾಚೀನವಾದ ಮಾತು. ದಾಸೋಹವೆಂಬ ಮಾತಿಗೆ ಪೂರ್ಣಾರ್ಥವನ್ನು ತುಂಬಿದವರು ಹನ್ನೆರಡನೆಯ ಶತಮಾನದ ಶರಣರು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ಕೊಳ್ಳುವವನು ಪಾತ್ರನೋ ಅಪಾತ್ರನೋ ಎಂದು ಕೊಡುವವನು ವಿಚಾರಿಸಬಹುದು, ಮನಸ್ಸು ಬಂದರೆ ಕೊಡಬಹುದು, ಬಾರದಿದ್ದರೆ ಬಾಗಿಲಿಕ್ಕಿಕೊಳ್ಳಬಹುದು. ದಾಸೋಹದಲ್ಲಿಯಾದರೋ ಕೊಡುವವನೇ ದಾಸನು. ತನ್ನಲ್ಲಿರುವುದು ತನ್ನದಲ್ಲ, ಸಮಾಜವೆಂಬ ಜಂಗಮಕ್ಕೆ ಸಲ್ಲಬೇಕಾದುದು ತನ್ನ ಕೈಯಲ್ಲಿ ಕೆಲಕಾಲ ನಿಂತಿದೆಯೆಂದು ಅವನು ತಿಳಿದಿರುತ್ತಾನೆ. ಆದುದರಿಂದ ಪಾತ್ರತೆಯ ಪರೀಕ್ಷೆ ಅಲ್ಲಿ ಮೊದಲು ಕೊಡುವವನಿಗೇ ನಡೆಯುತ್ತದೆ. ಸಲ್ಲಬೇಕಾದುದು ಸಲ್ಲಬೇಕಾದ ಹೊತ್ತಿಗೆ ಸಂದಿತೇ, ಬಾಗಿಲಿಗೆ ಬಂದವನು ಬರಿಗೈಯಲ್ಲಿ ಹಿಂದಿರುಗಿದನೇ ಎಂಬುದೇ ಆ ಪರೀಕ್ಷೆ.

ಈ ವಿವೇಕವನ್ನು ಅನ್ನದ ವಿಷಯದಲ್ಲಿ ನಾವು ಒಪ್ಪಿಕೊಂಡಿದ್ದೇವೆ. ಮಠದ ಪಂಕ್ತಿಯಲ್ಲಿ ಕುಳಿತ ಬಾಲಕನನ್ನು, ನಿನ್ನ ತಂದೆಯ ಸಂಪಾದನೆಯೆಷ್ಟು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಮಗೇ ನಾಚಿಕೆಯಾದೀತು. ಆದರೆ ಅದೇ ಬಾಲಕನು ಜ್ವರದಿಂದ ನರಳುತ್ತ ಚಿಕಿತ್ಸೆಗೆ ಬಂದಾಗ, ಆ ಪ್ರಶ್ನೆಯನ್ನು ಕೇಳಬೇಕೇ, ಬೇಡವೇ? ಕೇಳಬೇಕಾದರೆ ಎಷ್ಟರ ಮಟ್ಟಿಗೆ? ಅವನ ಔಷಧದ ವೆಚ್ಚ ತಂದೆತಾಯಿಗಳದೋ, ರಾಜ್ಯದ ಬೊಕ್ಕಸದ್ದೋ? ಈ ಪ್ರಶ್ನೆಗಳನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಜನರು ಶಾಸನಸಭೆಯಲ್ಲಿ ಬಹಿರಂಗವಾಗಿ, ಬಹುಕಾಲದಿಂದ ವಾದಿಸುತ್ತ ಬಂದಿದ್ದಾರೆ. ಅಲ್ಲಿ ನೆಲೆಸಿ ತೆರಿಗೆ ಸಲ್ಲಿಸುತ್ತಿರುವ ಕನ್ನಡಿಗರೂ, ಶರಣಧರ್ಮೀಯರೂ ಆ ವಾದಕ್ಕೆ ಹೊರತಲ್ಲ. ಆ ವಾದವನ್ನು ಸಾವಧಾನದಿಂದ ಪರಿಶೀಲಿಸಿ, ಶರಣರ ಒರೆಗಲ್ಲಿಗೆ ಹಚ್ಚಿ ನೋಡುವುದೇ ಇಂದಿನ ವಿಷಯ.

ಮೊದಲು ಅಲ್ಲಿನ ವ್ಯವಸ್ಥೆಯನ್ನು ತಿಳಿಯಬೇಕು. ಆ ದೇಶದಲ್ಲಿ ವೈದ್ಯಕೀಯ ವೆಚ್ಚ ಅಪಾರ. ವಿಮೆಯಿಲ್ಲದವನಿಗೆ ಒಂದು ದೊಡ್ಡ ಕಾಯಿಲೆ ಬಂದರೆ ಮನೆಮಠ ಮಾರಿದರೂ ಸಾಲದೆಂಬ ಸ್ಥಿತಿ. ದುಡಿಯುವ ಪ್ರಾಯದವರಲ್ಲಿ ಬಹುಮಂದಿಗೆ ತಾವು ಕೆಲಸ ಮಾಡುವ ಸಂಸ್ಥೆಯ ಮೂಲಕವೇ ವಿಮೆ ದೊರೆಯುತ್ತದೆ. 1965ನೆಯ ಇಸವಿ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ಸಹಿ ಹಾಕಿದ ಕಾನೂನಿನಿಂದ, ವೃದ್ಧರಿಗೆ ಮೆಡಿಕೇರ್ ಎಂಬುದೂ ಕಡುಬಡವರಿಗೆ ಮೆಡಿಕೇಡ್ ಎಂಬುದೂ ಏರ್ಪಟ್ಟವು. ಇವೆರಡರ ನಡುವೆ ಒಂದು ವರ್ಗ ಉಳಿದುಹೋಯಿತು. ಮೆಡಿಕೇಡಿಗೆ ಅರ್ಹರಾಗುವಷ್ಟು ಬಡವರಲ್ಲ, ವಿಮೆಯ ಕಂತನ್ನು ತಾವೇ ಕಟ್ಟುವಷ್ಟು ಅನುಕೂಲವಂತರೂ ಅಲ್ಲ. ಅಂಗಡಿಯ ಕೆಲಸದವರು, ವಾಹನ ನಡೆಸುವವರು, ಮನೆ ಕಟ್ಟುವ ಕೂಲಿಯವರು, ಸ್ವಂತದ ಸಣ್ಣ ಉದ್ಯೋಗದವರು ಈ ವರ್ಗಕ್ಕೆ ಸೇರಿದವರು. ಇವರು ಕಾಯಕವನ್ನು ತೊರೆದವರಲ್ಲ. ಕಾಯಕ ಮಾಡುತ್ತಿದ್ದರೂ ಮಕ್ಕಳ ಕಾಯಿಲೆಗೆ ದಾರಿಯಿಲ್ಲದವರು. 1997ರ ಸುಮಾರಿಗೆ ಆ ದೇಶದ ಮಕ್ಕಳಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಯಾವ ವಿಮೆಯೂ ಇರಲಿಲ್ಲ.

ಆ ವರ್ಷ ಪರಸ್ಪರ ವಿರುದ್ಧ ಪಕ್ಷಗಳ ಇಬ್ಬರು ಸೆನೆಟರರು ಕೈಜೋಡಿಸಿದರು. ಒಬ್ಬರು ಡೆಮಾಕ್ರಟಿಕ್ ಪಕ್ಷದ ಎಡ್ವರ್ಡ್ ಕೆನೆಡಿ. ಇನ್ನೊಬ್ಬರು ರಿಪಬ್ಲಿಕನ್ ಪಕ್ಷದ ಓರಿನ್ ಹ್ಯಾಚ್. ಇವರ ಪ್ರಯತ್ನದ ಫಲವಾಗಿ, 1997ರ ಆಗಸ್ಟ್ 5ರಂದು ಅಧ್ಯಕ್ಷ ಕ್ಲಿಂಟನ್ನರು ಸಹಿ ಮಾಡಿದ ಕಾನೂನಿನಲ್ಲಿ ಮಕ್ಕಳ ಆರೋಗ್ಯ ವಿಮಾ ಕಾರ್ಯಕ್ರಮವು ಹುಟ್ಟಿತು. ವೆಚ್ಚದಲ್ಲಿ ದೊಡ್ಡ ಪಾಲು ಕೇಂದ್ರದ್ದು, ಉಳಿದುದು ಆಯಾ ಸಂಸ್ಥಾನದ್ದು. ನಡೆಸುವ ಹೊಣೆಯೂ ಸಂಸ್ಥಾನಗಳದೇ. ಹಣಕ್ಕೆ ನೆರವಾಗಲೆಂದು ಸಿಗರೇಟಿನ ಮೇಲಿನ ಸುಂಕವನ್ನು ಪೊಟ್ಟಣವೊಂದಕ್ಕೆ 24 ಸೆಂಟಿನಿಂದ 39 ಸೆಂಟಿಗೆ ಎರಡು ಹಂತಗಳಲ್ಲಿ ಏರಿಸಿದರು. ಆದರೆ ಮೆಡಿಕೇಡಿಗೂ ಇದಕ್ಕೂ ಒಂದು ಮುಖ್ಯ ಭೇದವನ್ನು ಇಟ್ಟರು. ಮೆಡಿಕೇಡಿನಲ್ಲಿ ಅರ್ಹನಾದವನಿಗೆ ನೆರವು ಹಕ್ಕಾಗಿ ಸಲ್ಲಬೇಕು, ಎಷ್ಟು ಮಂದಿ ಬಂದರೂ ಹಣ ಒದಗಲೇಬೇಕು. ಈ ಹೊಸ ಕಾರ್ಯಕ್ರಮಕ್ಕೋ ಇಷ್ಟೇ ಹಣವೆಂಬ ಮಿತಿಯುಂಟು, ಇಷ್ಟೇ ವರ್ಷವೆಂಬ ಗಡುವೂ ಉಂಟು. ಗಡುವು ಮುಗಿದಾಗ ಶಾಸನಸಭೆಯು ಮತ್ತೆ ಮನಸ್ಸು ಮಾಡಬೇಕು. ಮುಂದಿನ ವಾಗ್ವಾದಕ್ಕೆಲ್ಲ ಬೀಜವು ಇಲ್ಲಿಯೇ ಬಿದ್ದಿತು.

ಮೊದಲ ಗಡುವು 2007ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದುವರೆಗೆ ವರ್ಷಕ್ಕೆ ಸುಮಾರು 500 ಕೋಟಿ ಡಾಲರು ವೆಚ್ಚವಾಗುತ್ತಿದ್ದ ಈ ಕಾರ್ಯಕ್ರಮಕ್ಕೆ, ಮುಂದಿನ ಐದು ವರ್ಷಗಳಲ್ಲಿ ಹೆಚ್ಚಿಗೆ 3,500 ಕೋಟಿ ಡಾಲರನ್ನು ಕೊಡಬೇಕೆಂದು ಶಾಸನಸಭೆಯ ಎರಡು ಮನೆಗಳೂ ಒಪ್ಪಿದುವು. ಸಿಗರೇಟಿನ ಸುಂಕವನ್ನು 61 ಸೆಂಟು ಏರಿಸಿ ಒಂದು ಡಾಲರಿಗೆ ಮುಟ್ಟಿಸುವುದೆಂದೂ ಗೊತ್ತುಮಾಡಿದರು. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್‌ರು ಕಾರ್ಯಕ್ರಮ ಮುಂದುವರಿಯಲೆಂದೇ ಹೇಳಿದರು. ಆದರೆ ಅವರು ಸೂಚಿಸಿದ ಹೆಚ್ಚಳವು ಐದು ವರ್ಷಕ್ಕೆ 500 ಕೋಟಿ ಮಾತ್ರ. ಅಕ್ಟೋಬರ್ 3ರಂದು ಅವರು ವೀಟೊ ಎಂಬ ನಿಷೇಧಾಧಿಕಾರವನ್ನು ಪ್ರಯೋಗಿಸಿದರು. ಅದನ್ನು ಮೀರಲು ಮೂರನೆಯ ಎರಡು ಪಾಲು ಮತ ಬೇಕು. ಅಕ್ಟೋಬರ್ 18ರಂದು ಪ್ರತಿನಿಧಿಗಳ ಸಭೆಯಲ್ಲಿ ಪರವಾಗಿ 273, ವಿರೋಧವಾಗಿ 156 ಮತಗಳು ಬಿದ್ದವು; 13 ಮತಗಳ ಕೊರತೆಯಿಂದ ಮಸೂದೆಯು ಬಿದ್ದುಹೋಯಿತು. ತಿದ್ದಿದ ಮಸೂದೆಗೂ ಡಿಸೆಂಬರ್ 12ರಂದು ಅದೇ ಗತಿಯಾಯಿತು. ಸೆನೆಟರ್ ಹ್ಯಾಚ್‌ರೂ, ಅವರದೇ ಪಕ್ಷದ ಚಾರ್ಲ್ಸ್ ಗ್ರಾಸ್‌ಲಿಯವರೂ ತಮ್ಮ ಪಕ್ಷದ ಅಧ್ಯಕ್ಷರಿಗೆ ಎದುರಾಗಿ ಮಕ್ಕಳ ಪರವಾಗಿ ನಿಂತರೆಂಬುದು ಸ್ಮರಣೀಯ.

ಇನ್ನು ವಿರೋಧಿಸಿದವರ ವಾದವನ್ನು ಕೇಳೋಣ. ಎದುರಾಳಿಯ ಮಾತನ್ನು ಪೂರ್ತಿಯಾಗಿ ಕೇಳದೆ ತೀರ್ಪು ಹೇಳುವುದು ಅನುಭವ ಮಂಟಪದ ರೀತಿಯಲ್ಲ. ಅವರನ್ನು ಮಕ್ಕಳ ವೈರಿಗಳೆಂದು ಜರೆಯುವುದೂ ಸಲ್ಲದು. ಅವರ ವಾದದಲ್ಲಿ ಮೂರು ಅಂಶಗಳುಂಟು.

ಒಂದನೆಯದು, ಈ ನೆರವು ಬಡವರ ಮಕ್ಕಳಿಗಾಗಿ ಹುಟ್ಟಿದ್ದು. ಇದೀಗ ಬಡವರಲ್ಲದವರಿಗೂ ಹರಿಯುತ್ತಿದೆ ಎಂಬುದು. ಆ ವರ್ಷ ನಾಲ್ವರ ಕುಟುಂಬಕ್ಕೆ ಬಡತನದ ರೇಖೆಯು 20,650 ಡಾಲರು. ನ್ಯೂಯಾರ್ಕ್ ಸಂಸ್ಥಾನವು ಅದರ ನಾಲ್ಕು ಪಟ್ಟು, ಎಂದರೆ ಸುಮಾರು 83,000 ಡಾಲರು ವರಮಾನದ ಕುಟುಂಬಗಳ ತನಕ ವಿಸ್ತರಿಸಲು ಅನುಮತಿ ಬೇಡಿತ್ತು. ಕೆಲವು ಸಂಸ್ಥಾನಗಳಲ್ಲಿ ಮಕ್ಕಳ ಹೆಸರಿನ ಹಣದಿಂದ ವಯಸ್ಕರಿಗೂ ವಿಮೆ ಕೊಟ್ಟಿದ್ದುಂಟು. ಎರಡನೆಯದು, ಸರಕಾರವು ಕೊಡತೊಡಗಿದರೆ ಜನರು ಸ್ವಂತ ವಿಮೆಯನ್ನು ಬಿಟ್ಟು ಅದಕ್ಕೆ ಬರುತ್ತಾರೆಂಬುದು. ಇದು ಬರಿಯ ಊಹೆಯಲ್ಲ. ಶಾಸನಸಭೆಯದೇ ಆದ ಆಯವ್ಯಯ ಕಚೇರಿಯು ಅದೇ 2007ರಲ್ಲಿ ಲೆಕ್ಕಹಾಕಿ, ಈ ಕಾರ್ಯಕ್ರಮಕ್ಕೆ ನೂರು ಮಕ್ಕಳು ಸೇರಿದರೆ ಖಾಸಗಿ ವಿಮೆಯಲ್ಲಿ 25ರಿಂದ 50 ಮಕ್ಕಳಷ್ಟು ಇಳಿತವಾಗುವುದೆಂದು ಹೇಳಿತು. ಮೂರನೆಯದು, ಸಿಗರೇಟಿನ ಸುಂಕವನ್ನು ಹೆಚ್ಚಾಗಿ ತೆರುವವರು ಬಡವರೇ. ಮೇಲಾಗಿ ಜನರು ಸೇದುವುದನ್ನು ಬಿಟ್ಟಷ್ಟೂ ಆ ಹುಟ್ಟುವಳಿಯೇ ಕ್ಷೀಣಿಸುವುದು. ಇಂತಹ ಆಧಾರದ ಮೇಲೆ ಶಾಶ್ವತವಾದ ಹೊಣೆಯನ್ನು ಹೊರಿಸುವುದು ವಿವೇಕವೇ ಎಂದು ಅವರು ಕೇಳಿದರು.

ಈ ವಾದಕ್ಕೆ ಶರಣರ ಚರಿತ್ರೆಯಲ್ಲಿ ಬೆಂಬಲವಿಲ್ಲವೆಂದು ಯಾರೂ ಭಾವಿಸಬಾರದು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಇದರಲ್ಲಿ ಆಸೆ ಬೆರೆತಿದೆ, ತಂದಲ್ಲಿಗೇ ಸುರಿದು ಬನ್ನಿರೆಂದು ಪತಿಯನ್ನು ಮರಳಿ ಕಳುಹಿಸಿದರು. ಅಗತ್ಯಕ್ಕೆ ಮೀರಿ ಕೊಳ್ಳುವುದು ಮತ್ತೊಬ್ಬರ ಪಾಲನ್ನು ಕೊಂಡಂತೆ. ಸ್ವಂತ ಶಕ್ತಿಯುಳ್ಳವನು ಸಮಾಜದ ಬೊಕ್ಕಸಕ್ಕೆ ಕೈಚಾಚಬಾರದೆಂದು ಹೇಳುವವನು ಅರಿತೋ ಅರಿಯದೆಯೋ ಲಕ್ಕಮ್ಮನವರ ಮಾತನ್ನೇ ಆಡುತ್ತಿರುವನು. ಈ ಎಚ್ಚರವು ಯಾವ ದಾಸೋಹಕ್ಕೂ ಅವಶ್ಯವಾದುದು.

ಆದರೆ ಲಕ್ಕಮ್ಮನವರ ಕಥೆಯಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಹೆಚ್ಚಾಯಿತೆಂದು ತೀರ್ಮಾನಿಸಿದವರು ಕಾಯಕ ಮಾಡಬಲ್ಲ ಪ್ರಾಯದ ದಂಪತಿಗಳು. ತಮ್ಮ ಅಗತ್ಯವನ್ನು ತಾವೇ ಅಳೆದುಕೊಂಡರು. ಅಲ್ಲದೆ, ಅವರು ಅಳೆದದ್ದು ತಾವು ತಂದುದನ್ನು. ಪಂಕ್ತಿಗೆ ಬಂದವರ ಹಸಿವನ್ನು ಅಳೆಯಲಿಲ್ಲ. ಉಳಿದ ಆ ಸ್ವಲ್ಪ ಅಕ್ಕಿಯಿಂದಲೇ ಅಸಂಖ್ಯಾತ ಜಂಗಮರ ದಾಸೋಹವಾಯಿತೆಂದು ಕಥೆಯು ಮುಗಿಯುತ್ತದೆ. ಕೂಸಿಗೆ ಕಾಯಕವಿಲ್ಲ. ತನ್ನ ತಂದೆಯ ಉದ್ಯೋಗವನ್ನು ಅದು ಆರಿಸಿಕೊಳ್ಳಲಿಲ್ಲ, ವಿಮೆಯ ಕಂತು ಕಟ್ಟದಿದ್ದುದು ಅದರ ಅಪರಾಧವಲ್ಲ. ಸೋಮಾರಿತನ, ದುರಾಸೆ, ಪರಾವಲಂಬನೆ ಎಂಬ ದೋಷಗಳಲ್ಲಿ ಒಂದನ್ನಾದರೂ ಅದರ ಮೇಲೆ ಹೊರಿಸಲಾಗದು. ತಂದೆಯು ತಪ್ಪಿದ್ದರೂ ದಂಡವನ್ನು ಕೂಸಿಗೆ ವಿಧಿಸುವ ನ್ಯಾಯವನ್ನು ಯಾವ ಶರಣನೂ ಒಪ್ಪಲಾರನು.

ಇದನ್ನು ಮನಸ್ಸಿನಲ್ಲಿಟ್ಟು ಆ ಎರಡನೆಯ ವಾದವನ್ನು ಮತ್ತೆ ನೋಡೋಣ. ನೂರರಲ್ಲಿ 25ರಿಂದ 50 ಮಕ್ಕಳಷ್ಟು ಖಾಸಗಿ ವಿಮೆಯು ಇಳಿಯಬಹುದೆಂಬುದು ನಿಜ. ಹಾಗಾದರೆ ಉಳಿದ 50ರಿಂದ 75 ಮಂದಿ ಯಾರು? ಇದಿಲ್ಲದಿದ್ದರೆ ಯಾವ ವಿಮೆಯೂ ಇರದಿದ್ದ ಮಕ್ಕಳೇ ಅವರು. ಇಪ್ಪತ್ತೈದು ಮಂದಿ ಅನುಕೂಲವಂತರು ಪಂಕ್ತಿಯಲ್ಲಿ ಕುಳಿತಾರೆಂಬ ಭಯದಿಂದ ಎಪ್ಪತ್ತೈದು ಮಂದಿ ಹಸಿದವರ ಎಲೆಯನ್ನು ತೆಗೆದುಹಾಕುವುದು ಜಿಪುಣನ ಲೆಕ್ಕವಾದೀತೇ ಹೊರತು ದಾಸೋಹಿಯ ಲೆಕ್ಕವಾಗದು. ಹಾಗೆಂದು ಆ ಇಪ್ಪತ್ತೈದು ಮಂದಿಯನ್ನು ಮರೆಯಬೇಕೆಂದೂ ಅಲ್ಲ. ಅವರಿಗೆ ತಕ್ಕ ಏರ್ಪಾಟು ಮಾಡಬಹುದು. ಅದು ನಿಯಮವನ್ನು ತಿದ್ದುವ ಕೆಲಸ. ಬಾಗಿಲು ಮುಚ್ಚುವುದು ಬೇರೆಯೇ ಕೆಲಸ.

ವಿರೋಧಿಸಿದವರು ಇನ್ನೊಂದು ಮಾತನ್ನೂ ಆಡಿದ್ದುಂಟು. 2007ರ ಜುಲೈನಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ಮಾತನಾಡುತ್ತ ಅಧ್ಯಕ್ಷರು, ಅಮೆರಿಕದಲ್ಲಿ ಯಾರಿಗೂ ಚಿಕಿತ್ಸೆ ಸಿಗದೆ ಹೋಗುವುದಿಲ್ಲ, ಆಸ್ಪತ್ರೆಯ ತುರ್ತು ಚಿಕಿತ್ಸೆಯ ಕೋಣೆಗೆ ಹೋದರಾಯಿತು ಎಂಬ ಅಭಿಪ್ರಾಯವನ್ನು ಕೊಟ್ಟರು. ತುರ್ತು ಸ್ಥಿತಿಯಲ್ಲಿ ಬಂದವನನ್ನು, ಹಣವಿರಲಿ ಇಲ್ಲದಿರಲಿ, ಪರೀಕ್ಷಿಸಿ ಉಪಚರಿಸಲೇಬೇಕೆಂಬ ಕಾನೂನು ಅಲ್ಲಿ 1986ರಿಂದ ಇರುವುದೇನೋ ನಿಜ. ಆದರೆ ಆ ಬಾಗಿಲು ತೆರೆಯುವುದು ಪ್ರಾಣಕ್ಕೆ ಬಂದಮೇಲೆ. ಲಸಿಕೆ, ಉಬ್ಬಸದ ನಿತ್ಯದ ಔಷಧ, ಕಣ್ಣಿನ ಪರೀಕ್ಷೆ, ಹುಳುಕುಹಲ್ಲಿನ ಚಿಕಿತ್ಸೆ ಇವೆಲ್ಲ ಆ ಕೋಣೆಯಲ್ಲಿ ದೊರೆಯತಕ್ಕವಲ್ಲ.

ಇದರ ಪರಿಣಾಮ ಏನೆಂಬುದಕ್ಕೆ ಅದೇ ವರ್ಷದ ಒಂದು ಸಂಗತಿಯು ಸಾಕ್ಷಿಯಾಗಿದೆ. ಪೂರ್ವತೀರದ ಒಂದು ಸಂಸ್ಥಾನದಲ್ಲಿ ಬಡತಾಯಿಯೊಬ್ಬಳ ಮಗನಿಗೆ ಹಲ್ಲಿನ ಬುಡದಲ್ಲಿ ಕೀವು ತುಂಬಿತು. ಹಲ್ಲನ್ನು ಕೀಳಿಸಲು ತಗಲುವ ವೆಚ್ಚ ಸುಮಾರು 80 ಡಾಲರು. ಕುಟುಂಬದ ಮೆಡಿಕೇಡ್ ವಿಮೆಯು ಆ ಹೊತ್ತಿಗೆ ಕಡಿದುಹೋಗಿತ್ತು. ವಿಮೆಯಿದ್ದಾಗಲೂ ಅದನ್ನು ಒಪ್ಪುವ ದಂತವೈದ್ಯರು ದುರ್ಲಭ. ಕೀವಿನ ವಿಷವು ಮಿದುಳಿಗೇರಿತು. ತುರ್ತು ಚಿಕಿತ್ಸೆಯ ಬಾಗಿಲು ಆಗ ತೆರೆಯಿತು. ಎರಡು ಬಾರಿ ಮಿದುಳಿನ ಶಸ್ತ್ರಕ್ರಿಯೆ ನಡೆಯಿತು, ವಾರಗಟ್ಟಲೆ ಆಸ್ಪತ್ರೆಯ ವಾಸವಾಯಿತು, ಎರಡೂವರೆ ಲಕ್ಷ ಡಾಲರಿಗೂ ಮೀರಿ ವೆಚ್ಚವಾಯಿತು. 2007ರ ಫೆಬ್ರವರಿಯಲ್ಲಿ ಆ ಹುಡುಗನು ಲಿಂಗೈಕ್ಯನಾದನೆಂದೇ ನಮ್ಮ ಭಾಷೆಯಲ್ಲಿ ಹೇಳೋಣ. ಯಾವ ಮತದ ಕೂಸಾದರೂ ಶಿವನ ಕೂಸೇ. ಎಂಬತ್ತು ಡಾಲರನ್ನು ಉಳಿಸಿದವರು ಎರಡೂವರೆ ಲಕ್ಷವನ್ನು ಕಳೆದರು, ಕೂಸನ್ನೂ ಕಳೆದರು.

ಸದ್ಭಕ್ತರೇ, ಈ ಸಂಗತಿಯಲ್ಲಿ ಒಂದು ಸೂಕ್ಷ್ಮವಿದೆ. ಆ ಹುಡುಗನು ನೆರವಿಗೆ ಅನರ್ಹನೆಂದು ಕಾನೂನು ಎಲ್ಲಿಯೂ ಹೇಳಿರಲಿಲ್ಲ. ಅರ್ಹನಾದ ಕೂಸಿಗೂ ನೆರವಿಗೂ ನಡುವೆ ಕಾಗದವೊಂದು ಅಡ್ಡವಾಯಿತು. ಆ ಕಾಲದಲ್ಲಿ ಅಲ್ಲಿ ವಿಮೆಯಿಲ್ಲದ ಮಕ್ಕಳು ಸುಮಾರು 90 ಲಕ್ಷ. ಅವರಲ್ಲಿ ಸುಮಾರು ಮೂರನೆಯ ಎರಡು ಪಾಲು ಮಕ್ಕಳು ಮೆಡಿಕೇಡಿಗೋ ಮಕ್ಕಳ ವಿಮೆಗೋ ಆಗಲೇ ಅರ್ಹರಾಗಿದ್ದವರು. ಅನ್ನ ಬೆಂದಿತ್ತು, ಎಲೆ ಹಾಸಿತ್ತು; ಬಾಗಿಲ ಬಳಿಯ ದ್ವಾರಪಾಲಕನು ಗುರುತಿನ ಚೀಟಿಗಾಗಿ ತಡೆದಿದ್ದನು. ಯಾರು ಅರ್ಹರೆಂಬ ವಾದದಲ್ಲಿ ಎರಡು ಪಕ್ಷಗಳೂ ಮುಳುಗಿದ್ದಾಗ, ಅರ್ಹರಾದವರಿಗೇ ತಲುಪಿಲ್ಲವೆಂಬ ಮಾತು ಹಿಂದೆ ಉಳಿಯಿತು. ಹಕ್ಕನ್ನು ಕಾಗದದಲ್ಲಿ ಬರೆದು, ಅದನ್ನು ಪಡೆಯುವ ದಾರಿಯನ್ನು ದುರ್ಗಮ ಮಾಡುವುದು ದಾಸೋಹದ ವೇಷ ಹಾಕಿದ ಜಿಪುಣತನ. ಬಂದವನು ಬಾಗಿಲನ್ನು ಹುಡುಕಿಕೊಳ್ಳಲೆನ್ನುವವನು ದಾನಿ. ಬಂದವನ ಕಣ್ಣಿಗೆ ಬಾಗಿಲು ಕಾಣುವಂತೆ ದೀಪವಿಡುವವನು ದಾಸೋಹಿ.

ಮುಂದಿನ ಕಥೆಯನ್ನು ಈ ದೃಷ್ಟಿಯಿಂದ ನೋಡಿದರೆ ಸಮಾಧಾನಕ್ಕೆ ಎಡೆಯುಂಟು. 2009ರ ಫೆಬ್ರವರಿ 4ರಂದು ಅಧ್ಯಕ್ಷ ಬರಾಕ್ ಒಬಾಮರು ವಿಸ್ತರಣೆಯ ಕಾನೂನಿಗೆ ಸಹಿ ಮಾಡಿದರು. ಸಿಗರೇಟಿನ ಸುಂಕವು 62 ಸೆಂಟು ಏರಿತು. ದಂತಚಿಕಿತ್ಸೆಯನ್ನು ಕಾರ್ಯಕ್ರಮದಲ್ಲಿ ಕಡ್ಡಾಯವಾಗಿ ಸೇರಿಸಿದರು; ಆ ಹುಡುಗನ ಮರಣವನ್ನು ಜನರು ಮರೆತಿರಲಿಲ್ಲ. ಇತರ ಸರಕಾರಿ ನೆರವಿಗಾಗಿ ಕುಟುಂಬವು ಆಗಲೇ ಕೊಟ್ಟಿದ್ದ ವಿವರವನ್ನೇ ಬಳಸಿ ಮಕ್ಕಳನ್ನು ಸೇರಿಸಿಕೊಳ್ಳಲು ಸಂಸ್ಥಾನಗಳಿಗೆ ಅವಕಾಶವಾಯಿತು. ಹೆಚ್ಚು ಮಕ್ಕಳನ್ನು ಸೇರಿಸಿದ ಸಂಸ್ಥಾನಗಳಿಗೆ ಪ್ರೋತ್ಸಾಹಧನ ದೊರೆಯಿತು. ಕಾನೂನುಬದ್ಧವಾಗಿ ಬಂದು ನೆಲೆಸಿದ ಪರದೇಶದವರ ಮಕ್ಕಳು 1996ರ ಕಾನೂನಿನಂತೆ ಐದು ವರ್ಷ ಕಾಯಬೇಕಾಗಿದ್ದಿತು. ಆ ಕಾಯುವಿಕೆಯನ್ನು ತೆಗೆದುಹಾಕುವ ಸ್ವಾತಂತ್ರ್ಯವೂ ಸಂಸ್ಥಾನಗಳಿಗೆ ಬಂದಿತು. ಕನ್ನಡನಾಡಿನಿಂದ ಹೋಗಿ ಅಲ್ಲಿ ಸಣ್ಣ ಸಂಪಾದನೆಯಲ್ಲಿ ಸಂಸಾರ ಹೂಡಿದವರಿಗೂ ಇದು ಅನ್ವಯಿಸುವಂಥದು. ಅದೇ ವೇಳೆಗೆ ವಿರೋಧಿಸಿದವರ ಮಾತೂ ವ್ಯರ್ಥವಾಗಲಿಲ್ಲ. ಮಕ್ಕಳಿಲ್ಲದ ವಯಸ್ಕರನ್ನು ಕಾರ್ಯಕ್ರಮದಿಂದ ಕ್ರಮೇಣ ಹೊರತಂದರು. ಬಡತನದ ರೇಖೆಯ ಮೂರು ಪಟ್ಟಿಗೂ ಮೀರಿದ ವರಮಾನದವರಿಗೆ ಹೊಸದಾಗಿ ವಿಸ್ತರಿಸಿದರೆ ಕೇಂದ್ರದ ಪಾಲನ್ನು ಇಳಿಸುವಂತೆ ಮಾಡಿದರು. ಲಕ್ಕಮ್ಮನವರ ಎಚ್ಚರವನ್ನೂ ದಾಸೋಹದ ಔದಾರ್ಯವನ್ನೂ ಒಂದೇ ಕಾನೂನಿನಲ್ಲಿ ಇಡಬಹುದೆಂಬುದು ಇದರಿಂದ ಸಿದ್ಧವಾಯಿತು.

ಫಲವೇನಾಯಿತು? 1997ರಲ್ಲಿ ನೂರಕ್ಕೆ ಸುಮಾರು 14 ಇದ್ದ ವಿಮೆಯಿಲ್ಲದ ಮಕ್ಕಳ ಪ್ರಮಾಣವು 2016ರ ವೇಳೆಗೆ ಸುಮಾರು 5ಕ್ಕೆ ಇಳಿಯಿತು. ಈ ಕಾರ್ಯಕ್ರಮದ ಜೊತೆಗೆ ಮೆಡಿಕೇಡಿನ ವಿಸ್ತರಣೆಯೂ, 2010ರ ಆರೋಗ್ಯ ಕಾನೂನೂ ಇದಕ್ಕೆ ಕಾರಣವಾದುವು. ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು ಆ ದೇಶದ 133 ಸರಕಾರಿ ಕಾರ್ಯನೀತಿಗಳನ್ನು ಒಟ್ಟಿಗೆ ತೂಗಿ 2020ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಬಡಮಕ್ಕಳ ಆರೋಗ್ಯಕ್ಕೂ ವಿದ್ಯೆಗೂ ನೇರವಾಗಿ ತೊಡಗಿಸಿದ ಹಣವೇ ಎಲ್ಲಕ್ಕಿಂತ ಹೆಚ್ಚು ಫಲಕೊಟ್ಟಿತೆಂದೂ, ಅಂತಹ ಅನೇಕ ಕಾರ್ಯಕ್ರಮಗಳ ವೆಚ್ಚವು ಕಾಲಾಂತರದಲ್ಲಿ ಸರಕಾರಕ್ಕೇ ಹಿಂದಿರುಗಿ ಬಂದಿತೆಂದೂ ಅವರು ಕಂಡರು. ಆರೋಗ್ಯವಂತನಾಗಿ ಬೆಳೆದ ಕೂಸು ದೊಡ್ಡವನಾಗಿ ದುಡಿದು ತೆರಿಗೆ ಸಲ್ಲಿಸುತ್ತದೆ, ಆಸ್ಪತ್ರೆಯ ನೆರವನ್ನು ಕಡಮೆ ಬೇಡುತ್ತದೆ ಎಂಬುದೇ ಇದರ ಗುಟ್ಟು.

ಇದನ್ನು ಓದುವಾಗ ಕಲ್ಯಾಣದ ಭಂಡಾರದ ಕಥೆಯು ನೆನಪಾಗದಿರದು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ, ಅರಸನ ಬೊಕ್ಕಸವನ್ನು ಜಂಗಮರಿಗೆ ಚೆಲ್ಲುತ್ತಿದ್ದಾರೆಂದು ಕೊಂಡೆಯರು ದೂರಿತ್ತರು. ಬಿಜ್ಜಳನು ಬಂದು ಲೆಕ್ಕ ನೋಡಿದಾಗ ಒಂದು ಕಾಸೂ ಕಡಮೆಯಾಗಿರಲಿಲ್ಲವೆಂದು ಪುರಾಣಕಾರರು ವರ್ಣಿಸಿದ್ದಾರೆ. ಇದನ್ನು ಪವಾಡವೆಂದು ನಂಬಿ ಕೈಮುಗಿಯುವವರು ಮುಗಿಯಲಿ. ಅದರ ಒಳಗಿನ ತಾತ್ಪರ್ಯವಾದರೋ ಎಲ್ಲರಿಗೂ ಗ್ರಾಹ್ಯವಾಗಿದೆ. ಲೆಕ್ಕ ಕೇಳುವ ಅಧಿಕಾರ ಅರಸನಿಗುಂಟು, ಲೆಕ್ಕ ಒಪ್ಪಿಸುವ ಹೊಣೆ ಭಂಡಾರಿಗುಂಟು. ಬಸವಣ್ಣನವರು ಲೆಕ್ಕ ಕೊಡೆನೆಂದು ಹೇಳಲಿಲ್ಲ. ಸಾರ್ವಜನಿಕ ಹಣದಿಂದ ದಾಸೋಹ ನಡೆಸುವವರು ಪ್ರತಿ ಕಾಸಿಗೂ ಉತ್ತರ ಹೇಳಬೇಕು. ಹಾಗೆ ಉತ್ತರ ಹೇಳಿದಾಗ, ಜಂಗಮಕ್ಕೆ ಸಂದ ಹಣವು ನಷ್ಟವಾದ ಹಣವಲ್ಲವೆಂದು ಕಾಣುವುದು. 2018ರ ಜನವರಿಯಲ್ಲಿ ಅಮೆರಿಕದ ಆ ಆಯವ್ಯಯ ಕಚೇರಿಯೇ, ಮಕ್ಕಳ ವಿಮೆಯನ್ನು ಹತ್ತು ವರ್ಷ ಮುಂದುವರಿಸಿದರೆ ಸರಕಾರಕ್ಕೆ ಸುಮಾರು 600 ಕೋಟಿ ಡಾಲರು ಉಳಿತಾಯವಾಗುವುದೆಂದು ಲೆಕ್ಕ ಕೊಟ್ಟಿತು. ಇದಿಲ್ಲದಿದ್ದರೆ ಆ ಮಕ್ಕಳಲ್ಲಿ ಅನೇಕರಿಗೆ ಸರಕಾರವು ಇನ್ನೂ ದುಬಾರಿಯಾದ ಬೇರೆ ಮಾರ್ಗದಿಂದ ನೆರವಾಗಬೇಕಾಗುತ್ತಿತ್ತು.

ಇಷ್ಟೆಲ್ಲ ತಿಳಿದಮೇಲೂ ಅಲ್ಲಿನ ಬಾಗಿಲು ನೆಮ್ಮದಿಯಾಗಿ ತೆರೆದಿಲ್ಲ. 2017ರ ಸೆಪ್ಟೆಂಬರ್ 30ಕ್ಕೆ ಹಣದ ಗಡುವು ಮುಗಿದಾಗ, ಕಾರ್ಯಕ್ರಮವನ್ನು ಬಹಿರಂಗವಾಗಿ ವಿರೋಧಿಸುವವರು ಬಹಳ ಮಂದಿ ಇರಲಿಲ್ಲ. ಆದರೂ ಇತರ ಜಗಳಗಳ ನಡುವೆ ಅದು ಸುಮಾರು ನಾಲ್ಕು ತಿಂಗಳು ಅತಂತ್ರವಾಗಿ ನಿಂತಿತು. ಸುಮಾರು 90 ಲಕ್ಷ ಮಕ್ಕಳು ಅದನ್ನು ಅವಲಂಬಿಸಿದ್ದರು. ನಿಮ್ಮ ಮಕ್ಕಳ ವಿಮೆ ನಿಲ್ಲಬಹುದೆಂಬ ಪತ್ರಗಳು ಕೊಲರಾಡೊ ಮೊದಲಾದ ಸಂಸ್ಥಾನಗಳಲ್ಲಿ ತಂದೆತಾಯಿಗಳ ಮನೆಗೆ ಹೋದುವು. 2018ರ ಜನವರಿ 22ರಂದು ಆರು ವರ್ಷಕ್ಕೆ ಮುಂದುವರಿಕೆ ದೊರೆಯಿತು. ಅನಂತರ ಮತ್ತೆ ಬೆಳೆಸಿ, ಈಗ 2029ರ ಆರ್ಥಿಕ ವರ್ಷದವರೆಗೆ ಹಣದ ಏರ್ಪಾಟಾಗಿದೆ. ಸೇರಿಸಿಕೊಂಡ ಕೂಸನ್ನು ನಡುವೆ ವರಮಾನ ಹೆಚ್ಚುಕಡಮೆಯಾಯಿತೆಂದು ಹೊರಹಾಕದೆ ಹನ್ನೆರಡು ತಿಂಗಳು ಉಳಿಸಿಕೊಳ್ಳಬೇಕೆಂಬ ನಿಯಮವು 2024ರ ಜನವರಿ 1ರಿಂದ ಎಲ್ಲ ಸಂಸ್ಥಾನಗಳಿಗೂ ಅನ್ವಯಿಸಿತು. ಆದರೂ 2023ರ ಏಪ್ರಿಲಿನಿಂದ ಮೆಡಿಕೇಡಿನ ಪಟ್ಟಿಗಳನ್ನು ಮರುಪರಿಶೀಲಿಸಿದಾಗ, ಲಕ್ಷಾಂತರ ಮಕ್ಕಳು ಪಟ್ಟಿಯಿಂದ ಬಿದ್ದುಹೋದರು. ಅನೇಕರು ಅನರ್ಹರೆಂದು ಸಿದ್ಧವಾಗಿ ಬಿದ್ದವರಲ್ಲ, ಕಾಗದ ಹೊತ್ತಿಗೆ ತಲುಪದೆ ಬಿದ್ದವರು. ದಾಸೋಹಕ್ಕೆ ಗಡುವಿಟ್ಟರೆ ಹಸಿವಿಗೂ ಗಡುವಿಡಬೇಕಾಗುತ್ತದೆ. ಹಸಿವು ಆ ಮಾತನ್ನು ಕೇಳುವುದಿಲ್ಲ, ರೋಗವೂ ಕೇಳುವುದಿಲ್ಲ.

ಸುಂಕದ ವಿಷಯವಾಗಿ ಎರಡು ಮಾತು. ಧೂಮಪಾನವನ್ನು ಕುಗ್ಗಿಸುವುದು ಒಳ್ಳೆಯದು. ಸುಂಕ ಏರಿದಾಗ ಎಳೆಯರು ಆ ಚಟಕ್ಕೆ ಬೀಳುವುದು ಕಡಮೆಯಾಗುವುದು. ಆದರೆ ಒಬ್ಬರ ಚಟದ ಮೇಲೆ ಎಲ್ಲರ ಮಕ್ಕಳ ಆರೋಗ್ಯವನ್ನು ನಿಲ್ಲಿಸಿ, ಉಳಿದವರು ಕೈತೊಳೆದುಕೊಂಡರೆ ಅದು ದಾಸೋಹವಾಗಲಾರದು. ಇಲ್ಲಿ ವಿರೋಧಿಸಿದವರ ಮಾತಿನಲ್ಲಿ ಸತ್ಯಾಂಶವಿದೆಯೆಂದೇ ನಮ್ಮ ಅಭಿಪ್ರಾಯ. ದಾಸೋಹದಲ್ಲಿ ಪ್ರತಿಯೊಬ್ಬನೂ ತನ್ನ ಕಾಯಕದಿಂದ ಬಂದುದರಲ್ಲಿ ಪಾಲು ತರಬೇಕು. ಶರಣರಲ್ಲಿ ಅರಸನ ಮಂತ್ರಿಯೂ ತಂದನು, ಸೌದೆ ಹೊರುವವನೂ ತಂದನು. ನಿನ್ನ ಪಾಲು ಬೇಡವೆಂದು ಯಾರನ್ನೂ ಬಿಡಲಿಲ್ಲ, ನಿನ್ನೊಬ್ಬನದೇ ಸಾಕೆಂದು ಯಾರ ಮೇಲೂ ಹೇರಲಿಲ್ಲ.

ಸದ್ಭಕ್ತರೇ, ಪರದೇಶದ ಈ ವಾದದಿಂದ ಗೃಹಸ್ಥರಾದ ತಾವು ಗ್ರಹಿಸಬೇಕಾದುದು ಇಷ್ಟು. ಕೊಳ್ಳುವ ಹೊತ್ತಿನಲ್ಲಿ ಲಕ್ಕಮ್ಮನವರನ್ನು ನೆನೆಯಿರಿ. ಅಗತ್ಯಕ್ಕೆ ಮೀರಿದುದನ್ನು ಮುಟ್ಟಬೇಡಿರಿ. ಕೊಡುವ ಹೊತ್ತಿನಲ್ಲಿ ಲಕ್ಕಮ್ಮನವರ ಅಳತೆಗೋಲನ್ನು ಎದುರಿನವನ ಮೇಲೆ, ಅದರಲ್ಲಿಯೂ ಕೂಸಿನ ಮೇಲೆ, ಇಡಬೇಡಿರಿ. ಆ ಗೋಲು ತನ್ನನ್ನು ತಾನು ಅಳೆದುಕೊಳ್ಳಲೆಂದು ಇರುವುದು. ನಮ್ಮಲ್ಲಿ ಅನೇಕರು ಇದನ್ನು ತಿರುವುಮುರುವಾಗಿ ಮಾಡುತ್ತೇವೆ. ನಮಗೆ ಬರತಕ್ಕುದನ್ನು ಎಣಿಸುವಾಗ ಔದಾರ್ಯವನ್ನೂ, ಮತ್ತೊಬ್ಬರಿಗೆ ಸಲ್ಲತಕ್ಕುದನ್ನು ಎಣಿಸುವಾಗ ನಿಷ್ಠುರವನ್ನೂ ತೋರಿಸುತ್ತೇವೆ.

ಇನ್ನೊಂದು ಮಾತು. ಸಮಾಜವು ಹಣ ಕೂಡಿಸಿ ನಿಯಮ ಬರೆದಮಾತ್ರಕ್ಕೆ ದಾಸೋಹವು ಮುಗಿಯುವುದಿಲ್ಲ. ಅಕ್ಷರ ಬಾರದ ತಾಯಿಗೆ ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಯಲ್ಲಿ ಹೋಗುವುದು, ನವೀಕರಣದ ದಿನವನ್ನು ನೆನಪಿಸುವುದು, ಕೂಸಿನ ಹಲ್ಲುನೋವು ಸಣ್ಣದಿರುವಾಗಲೇ ವೈದ್ಯನಲ್ಲಿಗೆ ಕರೆದೊಯ್ಯುವುದು, ಇವೆಲ್ಲ ಹಣವಿಲ್ಲದವನೂ ಮಾಡಬಲ್ಲ ದಾಸೋಹಗಳು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳು ತಮ್ಮ ನೆರೆಹೊರೆಯ ಮಕ್ಕಳಿಗಾಗಿ ಇದನ್ನು ಕೈಕೊಂಡರೆ, ಬಸವಣ್ಣನವರ ಹೆಸರು ಆ ನಾಡಿನಲ್ಲಿ ಸಾರ್ಥಕವಾಗಿ ಉಳಿಯುವುದು. ಇಲ್ಲಿರುವ ತಮಗೂ ಅದೇ ವಿಧಿ. ತಮ್ಮ ಓಣಿಯಲ್ಲಿ ಕಾಯಿಲೆಯ ಕೂಸೊಂದು ಇದ್ದು, ಅದಕ್ಕೆ ಸಲ್ಲಬೇಕಾದ ನೆರವು ಒಂದು ಕಾಗದದ ದೆಸೆಯಿಂದ ನಿಂತಿದ್ದರೆ, ಇಂದಿನ ಲಿಂಗಪೂಜೆ ಮುಗಿದೊಡನೆ ಆ ಮನೆಗೆ ಹೋಗಿರಿ. ಪೂಜೆಯು ಅಲ್ಲಿ ಪೂರ್ಣವಾಗುವುದು.